ದಾನದ ಪೆಟ್ಟಿಗೆಯ ಸೀಲು

ಹಡಗಿನಿಂದ
ಮೇ ೩

ಪ್ರೀತಿಯ ಅಕ್ಕಾ,

ಕಣ್ಣಿಗೆ ಕಾಣುವ ಊರಿಗೆ ಕಾಗದ ಬರೆಯುವ ಯೋಗ ಎಷ್ಟು ಜನಕ್ಕೆ ಬರುತ್ತದೆ ಹೇಳು. ಕ್ಯಾಪ್ಟನ್ನರ ದುರ್ಬೀನು ಇಸಿದುಕೊಂಡು ನೋಡಿದರೆ ನಿಮ್ಮ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣಿಸುತ್ತದೆ. ಅದರ ಕೆಳಗೆ ಎಲ್ಲೋ ನೀನು ಯಾರಿಗೋ ಗದರುತ್ತಾ ಓಡಾಡುತ್ತಿರುತ್ತೀಯ. ಇಷ್ಟು ಹತ್ತಿರ ಬಂದು ಲಂಗರು ಹಾಕಿ ವಾರವಾಯಿತು, ಬಂದರಿನವರು ಒಳಗೆ ಬಿಡುತ್ತಿಲ್ಲ. ಹಡಗಿನಲ್ಲಿ ಎರಡು ವಾರ ಯಾರಿಗೂ ಜ್ವರ ಬರಬಾರದಂತೆ. ನಡುವೆ ಒಬ್ಬನಿಗೆ ಬಂದರೂ ಲೆಕ್ಕ ಮತ್ತೆ ಮೊದಲಿನಿಂದ. ಅದಕ್ಕೇ ಇಲ್ಲಿ ಸೀನು ಬಂದರೆ ಮೂಗು ಹಿಡಿದುಕೊಂಡು ಕಕ್ಕಸಿಗೆ ಓಡುತ್ತೇವೆ.

ಫೋನಿಗೆ ಇಷ್ಟು ದೂರ ಸಿಗ್ನಲ್ ಬರುವುದಿಲ್ಲ. ಕ್ಯಾಪ್ಟನ್ ಕೋಣೆಯ ಸ್ಯಾಟಲೈಟ್ ಫೋನು ಕಚೇರಿಯ ಮಾತಿಗೆ ಮಾತ್ರ. ತರಕಾರಿ, ಕುಡಿಯುವ ನೀರು ತರುವ ದೋಣಿಯವನು ಕಾಗದ ಒಯ್ಯಲು ಒಪ್ಪಿದ್ದಾನೆ. ಆದರೆ ಹಡಗಿನಿಂದ ಬಂದ ಕಾಗದವನ್ನು ನಿಮ್ಮ ಗೇಟಿನವರು ತಗಡಿನ ಡಬ್ಬಿಯಲ್ಲಿ ಮೂರು ದಿನ ಬಿಸಿಲಿಗಿಟ್ಟು, ರೋಗ ಸತ್ತಿತು ಅಂತ ಸಮಾಧಾನವಾದ ಮೇಲೆಯೇ ಕೊಡುತ್ತಾರಂತೆ. ಹಾಗಾಗಿ ನಾನು ಹಸಿವು ಅಂತ ಬರೆದದ್ದು ನಿನಗೆ ಗೊತ್ತಾಗುವ ಹೊತ್ತಿಗೆ ತಿಂದು ತೇಗಿರುತ್ತೇನೆ.

ದೊಡ್ಡ ಸುದ್ದಿ ಕೇಳು. ಡೆಕ್ಕಿನ ಮೇಲೆ, ನನ್ನ ಎಲೆಕ್ಟ್ರಿಕಲ್ ಕೋಣೆಯ ಎದುರಿಗೇ, ಒಂದು ಕಂಟೇನರ್ ಪೆಟ್ಟಿಗೆ ಇದೆ. ಯಾವುದೋ ದೇಶದವರು ದಾನ ಕೊಟ್ಟ ನಲವತ್ತು ಆಕ್ಸಿಜನ್ ಮಷೀನು. ಸಿಲಿಂಡರ್ ಬೇಡ, ಕರೆಂಟು ಕೊಟ್ಟರೆ ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ತೆಗೆದು ಕೊಡುವಂಥವು. ಬಾಗಿಲ ಮೇಲೆ ನಿಮ್ಮ ಆಸ್ಪತ್ರೆಯ ಹೆಸರು! ದಿನಾ ಬೆಳಿಗ್ಗೆ ಅದಕ್ಕೆ ಒಂದು ಸಲಾಮು ಹೊಡೆದು ಕೆಲಸಕ್ಕೆ ಇಳಿಯುತ್ತೇನೆ.

ನನ್ನ ಕೋಣೆಯ ಜೊತೆಗಾರ ಒಬ್ಬ ಮಹಾನುಭಾವ, ಎಂಜಿನ್ ರೂಮಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಆಯಿಲರ್. ನಾವೆಲ್ಲ ಗೊರಕೆರಾಯ ಅನ್ನುತ್ತೇವೆ. ಇಸ್ಪೀಟಿನಲ್ಲಿ ಮೋಸ, ನನ್ನ ಸಾಬೂನು ಅವನದೇ ಅನ್ನುವ ಹಾಗೆ ತಿಕ್ಕಿಕೊಳ್ಳುತ್ತಾನೆ, ಕೇಳಿದರೆ ಹಲ್ಲು ಕಿರಿಯುತ್ತಾನೆ. ಎರಡು ತಿಂಗಳಿಂದ ಅವನ ಜೊತೆ ಮಾತು ಬಿಟ್ಟಿದ್ದೇನೆ. ಭಾವ ಹೇಗಿದ್ದಾರೆ? ಬಸ್ಸು ಓಡಿಸುತ್ತಿದ್ದಾರಾ, ಅಥವಾ ನಿನ್ನ ಕಾಟ ಇಲ್ಲ ಅಂತ ಮನೆಯಲ್ಲಿ ಕಾಲು ಚಾಚಿದ್ದಾರಾ?

ನಿನ್ನ ತಮ್ಮ


ಹಾಸ್ಟೆಲಿನಿಂದ
ಮೇ ೯

ಲೋ,

ಕಾಗದ ಬಂತು, ಬಿಸಿಲಿಗೆ ಒಣಗಿ ಕಂದು ಬಣ್ಣಕ್ಕೆ ತಿರುಗಿ. ಗೇಟಿನ ಕಾವಲುಗಾರ ಅದನ್ನು ಇಕ್ಕಳದಲ್ಲಿ ಹಿಡಿದು ಕೊಟ್ಟ, ನಾನೇನೋ ಹಾವು ತರಿಸಿಕೊಂಡವಳ ಹಾಗೆ.

ನಮ್ಮನ್ನೂ ಮನೆಗೆ ಬಿಡುವುದಿಲ್ಲ. ವಾರ್ಡಿನಿಂದ ನರ್ಸಿಂಗ್ ಹಾಸ್ಟೆಲಿಗೆ, ಹಾಸ್ಟೆಲಿನಿಂದ ವಾರ್ಡಿಗೆ, ನಡುವೆ ತಗಡು ಹೊದಿಸಿದ ಒಂದು ದಾರಿ. ಆ ದಾರಿಯಲ್ಲಿ ಕಾಣುವಷ್ಟೇ ಆಕಾಶ ನಮ್ಮದು. ಕೋಣೆಯಲ್ಲಿ ನಾಲ್ಕು ಜನ, ಒಂದು ಕನ್ನಡಿ. ನಿನಗೆ ಸಮುದ್ರವಾದರೂ ಇದೆ, ಪುಣ್ಯವಂತ.

ನಿನ್ನ ಪೆಟ್ಟಿಗೆಯ ವಿಷಯ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಸೂಪರಿಂಟೆಂಡೆಂಟ್ ಸಾಹೇಬರು ಒಂದು ಹಾಲ್ ಖಾಲಿ ಮಾಡಿಸಿ, ಒಂದೊಂದು ಮಷೀನು ಎಲ್ಲಿ ನಿಲ್ಲಬೇಕು ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆಸಿದ್ದಾರೆ. ಧನ್ಯವಾದದ ಬ್ಯಾನರೂ ಬಂದುಬಿಟ್ಟಿದೆ. ಮಷೀನು ಮಾತ್ರ ಇಲ್ಲ. ಸದ್ಯಕ್ಕೆ ನನ್ನ ವಾರ್ಡಿನಲ್ಲಿ ಒಂದು ಸಿಲಿಂಡರ್ ಇಬ್ಬರಿಗೆ, ಪಾಳಿಯ ಮೇಲೆ. ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಹಾಕುವಾಗ ಇಬ್ಬರ ಮುಖವನ್ನೂ ನೋಡಬಾರದು ಅಂತ ಕಲಿತಿದ್ದೇನೆ.

ನಿನ್ನ ಭಾವ ಕಾಲು ಚಾಚಿಲ್ಲ. ನಮ್ಮ ಸ್ಟಾಫನ್ನು, ಕೆಲವು ಸಲ ರೋಗಿಗಳನ್ನೂ, ಅದೇ ಬಸ್ಸಿನಲ್ಲಿ ಸಾಗಿಸುತ್ತಿದ್ದಾರೆ. ಸಂಜೆ ಬಸ್ಸು ನಿಲ್ಲಿಸಿ ನಮ್ಮ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಾರೆ. ಅವರು ರಸ್ತೆಯಲ್ಲಿ, ನಾನು ಎರಡನೇ ಮಹಡಿಯಲ್ಲಿ. ಗಂಡ ಹೆಂಡತಿಯ ಮಾತು ಇಡೀ ಬೀದಿಗೇ ಪ್ರಸಾರ. ನಿನಗೆ ತಾವಿಟ್ಟ ಅಡ್ಡಹೆಸರಿನಲ್ಲೇ ಹೇಳಿಕಳಿಸಿದ್ದು: "ಫ್ಯೂಸಿಗೆ ಹೇಳು, ನನ್ನ ನೀಲಿ ಅಂಗಿ ಹಾಕ್ಕೊಂಡು ಹಡಗು ಹತ್ತಿದೋನು ಅದನ್ನ ಹಾಕ್ಕೊಂಡೇ ಇಳೀಲಿ. ಇಲ್ಲದಿದ್ರೆ ಈಜ್ಕೊಂಡು ಬಂದು ಕಿತ್ಕೊಳ್ತೀನಿ."

ಮೂಗು ಬಾಯಿ ಮುಚ್ಚಿಕೊಂಡಿರು. ಆ ಗೊರಕೆಯವನ ಜೊತೆ ಮಾತಾಡು, ಮುಚ್ಚಿದ ಕೋಣೆಯಲ್ಲಿ ಜಗಳ ಇಟ್ಟುಕೊಂಡು ಬಾಳಲಾಗುವುದಿಲ್ಲ.

ನಿನ್ನ ಅಕ್ಕ


ಹಡಗಿನಿಂದ
ಮೇ ೧೪

ಅಕ್ಕಾ,

ತಮಾಷೆ ಮಾಡುವ ಮನಸ್ಸಿಲ್ಲ. ಗೊರಕೆರಾಯನಿಗೆ ಜ್ವರ ಬಂದು ಐದು ದಿನವಾಯಿತು. ಹಡಗಿನಲ್ಲಿ ಡಾಕ್ಟರ್ ಇಲ್ಲ, ಎರಡು ಮಂಚದ ಔಷಧಿ ಕೋಣೆ ಇದೆ, ಒಂದು ಪುಸ್ತಕ ಇದೆ. ನನಗೂ ಅವನಿಗೂ ಒಂದೇ ಕೋಣೆಯ ಗಾಳಿ, ನೋಡಿಕೊಳ್ಳೋದೂ ನೀನೇ ಸರಿ ಅಂತ ನನ್ನನ್ನು ಅವನ ಜೊತೆ ಹಾಕಿ ಬಾಗಿಲು ಮುಚ್ಚಿದ್ದಾರೆ. ನನಗೆ ಏನೂ ಆಗಿಲ್ಲ, ಗಾಬರಿ ಬೀಳಬೇಡ. ಊಟವನ್ನು ಬಾಗಿಲ ಹೊರಗಿಟ್ಟು ತಟ್ಟಿ ಓಡುತ್ತಾರೆ.

ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಕ್ಲಿಪ್ಪು ನಿನ್ನೆ ಎಂಬತ್ತೈದು ತೋರಿಸಿತು, ಇವತ್ತು ಎಂಬತ್ತೊಂದು. ಹಡಗಿನಲ್ಲಿದ್ದದ್ದು ಎರಡೇ ಸಿಲಿಂಡರ್. ಒಂದು ಮುಗಿಯಿತು. ಎರಡನೆಯದನ್ನು ಕದ್ದು ತಿನ್ನುವವರ ಹಾಗೆ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದೇನೆ, ಹೆಚ್ಚೆಂದರೆ ಇಪ್ಪತ್ತನೇ ತಾರೀಕಿನವರೆಗೆ ಬರಬಹುದು. ದಡಕ್ಕೆ ಕರೆದುಕೊಳ್ಳಿ ಅಂತ ಕ್ಯಾಪ್ಟನ್ನರು ಬಂದರಿನವರನ್ನು ದಿನಾ ಅಂಗಲಾಚುತ್ತಿದ್ದಾರೆ. ಮಂಚ ಖಾಲಿಯಾದಾಗ ಹೇಳುತ್ತೇವೆ ಅನ್ನುತ್ತಾರೆ.

ಅಕ್ಕಾ, ಆ ಪೆಟ್ಟಿಗೆಯಲ್ಲಿ ನಲವತ್ತು ಮಷೀನಿವೆ. ಔಷಧಿ ಕೋಣೆಯ ಕಿಟಕಿಯಿಂದ ಅದರ ಬಾಗಿಲು ಕಾಣುತ್ತದೆ. ಅವನಿಗೂ ಕಾಣುತ್ತದೆ. ಕೊಡಿ ಅಂತ ಬಾಯಿಬಿಟ್ಟು ಕೇಳಿಲ್ಲ. ಅದೇ ನನಗೆ ತಡೆಯಲಾಗುತ್ತಿಲ್ಲ.

ಬಾಗಿಲಿಗೆ ಸೀಲು ಹಾಕಿದ್ದಾರೆ, ಕಿರುಬೆರಳು ದಪ್ಪದ ಕಬ್ಬಿಣದ ಬೋಲ್ಟು, ಮೇಲೆ ನಂಬರು. ಇಪ್ಪತ್ತನಾಲ್ಕಕ್ಕೆ ದೊಡ್ಡ ದೋಣಿ ಬಂದು ಪೆಟ್ಟಿಗೆಯನ್ನು ಮಾತ್ರ ಇಳಿಸಿಕೊಂಡು ಹೋಗುತ್ತದಂತೆ. ಸೀಲು ಒಡೆದರೆ ತಪಾಸಣೆ ಅಂತ ಒಂದೆರಡು ದಿನ ತಡವಾಗಬಹುದು ಅನ್ನುತ್ತಾರೆ. ಕ್ಯಾಪ್ಟನ್ನರು ಬಾಗಿಲ ಹೊರಗೆ ನಿಂತು ಹೇಳಿದರು: "ಒಡಿ ಅಂತ ನಾನು ಹೇಳೋ ಹಾಗಿಲ್ಲ. ನಿಮ್ಮಕ್ಕ ಅದೇ ಆಸ್ಪತ್ರೇಲಿ ಇದ್ದಾರಲ್ಲ, ಅವರನ್ನ ಕೇಳು. ತಡ ಆದ್ರೆ ನಡಿಯುತ್ತೆ ಅಂದ್ರೆ, ನಾನು ಆ ಕಡೆ ತಿರುಗಿ ನೋಡಲ್ಲ."

ಒಂದು ಮಷೀನು ತೆಗೆದುಕೊಳ್ಳಲಾ? ನೀನು ಬೇಡ ಅಂದರೆ ಬೇಡ. ಯಾಕೆ ಅಂತ ಕೇಳುವುದಿಲ್ಲ.

ನಿನ್ನ ತಮ್ಮ


ಮೇ ೧೭

ಈ ಕಾಗದ ನಿನಗೆ ಕಳಿಸಲು ಬರೆಯುತ್ತಿಲ್ಲ. ಯಾರಿಗಾದರೂ ಹೇಳಬೇಕು, ಹೇಳಲು ಯಾರೂ ಇಲ್ಲ.

ನಿನ್ನ ಭಾವ ನನ್ನ ವಾರ್ಡಿನಲ್ಲಿದ್ದಾರೆ, ಹನ್ನೆರಡರಿಂದ. ಬಸ್ಸು ಗೇಟಿನ ಹತ್ತಿರ ನಿಲ್ಲಿಸಿ ಇಳಿದವರು ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ಕಿಟಕಿ ಪಕ್ಕದ ಮಂಚ ಕೊಟ್ಟಿದ್ದೇನೆ, ನಾನು ಅವರಿಗೆ ಕೊಡಬಹುದಾದದ್ದು ಅಷ್ಟೇ. ಪಕ್ಕದ ಮಂಚದ ಮುದುಕ ಪೋಸ್ಟ್‌ಮಾಸ್ಟರಿಗೂ ಅವರಿಗೂ ಒಂದೇ ಸಿಲಿಂಡರ್. ಸಿಸ್ಟರ್ ಗಂಡ ಅಂತ ಹತ್ತು ನಿಮಿಷ ಜಾಸ್ತಿ ಬಿಟ್ಟರೂ ಆ ಮುದುಕನ ಕಣ್ಣು ನನ್ನ ಕೈಯ ಮೇಲೇ ಇರುತ್ತದೆ. ಬಿಟ್ಟೂ ಇದ್ದೇನೆ, ಎರಡು ಸಲ. ಯಾರಿಗೂ ಹೇಳಿಲ್ಲ.

ನಿನ್ನ ಕಾಗದ ಓದಿ ಸ್ಟೋರಿನವರ ಹತ್ತಿರ ಹೋದೆ. ಯಾಕೆ ಅಂತ ಹೇಳದೆ ವಿಚಾರಿಸಿದೆ. ಸೀಲಿನ ನಂಬರು ಕಾಗದದ ನಂಬರಿಗೆ ಹೊಂದಿದರೆ ದಾನದ ಸರಕು ನೇರ ಆಸ್ಪತ್ರೆಗೆ ಬರುತ್ತದಂತೆ. ಹೊಂದದಿದ್ದರೆ ತಪಾಸಣೆಯ ಅಂಗಳ. "ಅಲ್ಲಿ ಆಫೀಸರುಗಳೇ ಇಲ್ಲ ಸಿಸ್ಟರ್, ಎಲ್ಲಾ ಮನೇಲಿ ಚಿಲಕ ಹಾಕ್ಕೊಂಡು ಕೂತಿದ್ದಾರೆ. ಗ್ಲೌಸಿನ ಪೆಟ್ಟಿಗೆ ತಿಂಗಳಾದ್ರೂ ಬಂದಿಲ್ಲ." ನೀನು ಬರೆದ ಒಂದೆರಡು ದಿನ ಸುಳ್ಳು ಕಣೋ. ಯಾರೋ ನಿನ್ನ ಕಣ್ಣಿಗೆ ಮಣ್ಣೆರಚಿದ್ದಾರೆ.

ಮುಟ್ಟಬೇಡ ಅಂತ ಒಂದು ಹಾಳೆಯಲ್ಲಿ ಬರೆದೆ. ಬರೆದು ಅದನ್ನೇ ನೋಡುತ್ತಾ ಕೂತೆ. ಇವರು ಇಲ್ಲಿ ಮಲಗಿರದಿದ್ದರೆ ನಾನು ಏನು ಬರೆಯುತ್ತಿದ್ದೆ? ಒಡಿ ಅಂತಲೇ ಬರೆಯುತ್ತಿದ್ದೆ. ನಮ್ಮಲ್ಲಿ ಅರ್ಧವಾದರೂ ಸಿಲಿಂಡರ್ ಇದೆ, ಲಾರಿ ದಿನ ಬಿಟ್ಟು ದಿನ ಬರುತ್ತಿದೆ, ಡಾಕ್ಟರ್ ಇದ್ದಾರೆ. ಅಲ್ಲಿ ಅವನಿಗೆ ಏನೂ ಇಲ್ಲ. ಇಪ್ಪತ್ತೊಂದರ ಬೆಳಿಗ್ಗೆ ಅವನು ನಿನ್ನ ಕೈಯಲ್ಲೇ ಹೋಗುತ್ತಾನೆ, ಅದನ್ನು ನಾನು ಇಲ್ಲಿ ಕೂತು ಹೇಳಬಲ್ಲೆ. ಹಾಗಾದರೆ ಈ ಬೇಡ ಅನ್ನುವುದು ನರ್ಸಿನ ಮಾತಲ್ಲ, ಹೆಂಡತಿಯದು. ಹೆಂಡತಿಯ ಮಾತು ತಪ್ಪು ಅಂತ ಯಾರು ಹೇಳಿದರು? ಗೊತ್ತಿಲ್ಲ ಕಣೋ. ತಲೆ ಕೆಟ್ಟುಹೋಗಿದೆ.

ಅವರಿಗೆ ಅರ್ಧ ಹೇಳಿದೆ. ಹಡಗಿನಲ್ಲಿ ಒಬ್ಬನಿಗೆ ಉಸಿರು ಕಟ್ಟುತ್ತಿದೆ, ದಾನದ ಪೆಟ್ಟಿಗೆಯಿಂದ ಒಂದು ಮಷೀನು ತೆಗೆಯಲಾ ಅಂತ ತಮ್ಮ ಕೇಳಿದ್ದಾನೆ ಅಂದೆ. ಮಾಸ್ಕಿನ ಒಳಗೇ ನಕ್ಕರು. "ಫ್ಯೂಸಿಗೆ ಬುದ್ಧಿ ಇಲ್ಲ. ಇದನ್ನೂ ಕೇಳ್ಬೇಕಾ?" ಅಂದರು. ಸೀಲಿನ ವಿಷಯ, ಅಂಗಳದ ವಿಷಯ ಹೇಳಲಿಲ್ಲ. ಹೇಳಿದ್ದರೆ ಬೇರೆ ಮಾತು ಬರುತ್ತಿತ್ತೇನೋ ಅನ್ನುವ ಹೆದರಿಕೆ. ಹೇಳಿದರೂ ಅದೇ ಮಾತು ಬರುತ್ತಿತ್ತೇನೋ ಅನ್ನುವ ಹೆದರಿಕೆ ಅದಕ್ಕಿಂತ ದೊಡ್ಡದು.


ಹಾಸ್ಟೆಲಿನಿಂದ
ಮೇ ೧೭

ಲೋ,

ತೆರೆ. ಒಂದು ಮಷೀನು ತೆಗೆದುಕೋ. ನಮ್ಮಲ್ಲಿ ಸಿಲಿಂಡರ್ ಬರುತ್ತಿದೆ, ಎರಡು ದಿನ ತಡವಾದರೆ ಏನೂ ಮುಳುಗುವುದಿಲ್ಲ.

ಮಷೀನಿಗೆ ಒಂದು ಬಾಟಲಿ ಇರುತ್ತದೆ, ಅದಕ್ಕೆ ಕುದಿಸಿ ಆರಿಸಿದ ನೀರು ಗುರುತಿನವರೆಗೆ ಮಾತ್ರ ಹಾಕು. ಗಾಳಿಯ ಗುಂಡಿಯನ್ನು ಐದಕ್ಕೆ ಇಟ್ಟು ಅರ್ಧ ಗಂಟೆ ನೋಡು. ಕ್ಲಿಪ್ಪು ತೊಂಬತ್ತು ದಾಟಿದರೆ ಸಾಕು, ನೂರಕ್ಕೆ ಆಸೆ ಪಡಬೇಡ. ಅವನನ್ನು ಬೋರಲಾಗಿ ಮಲಗಿಸು, ಎದೆಯ ಕೆಳಗೆ ದಿಂಬು. ಗೊಣಗುತ್ತಾನೆ, ಗೊಣಗಲಿ.

ಭಾವ ಚೆನ್ನಾಗಿದ್ದಾರೆ. ಇದನ್ನೂ ಕೇಳಬೇಕಾ ಅಂದರು.

ಅಕ್ಕ


ಹಡಗಿನಿಂದ
ಮೇ ೨೦

ಅಕ್ಕಾ, ನನ್ನ ಬಂಗಾರದಂಥ ಅಕ್ಕಾ,

ತೊಂಬತ್ತೆರಡು! ಇವತ್ತು ಬೆಳಿಗ್ಗೆ ತೊಂಬತ್ತೆರಡು!

ನಿನ್ನ ಕಾಗದ ಹದಿನೆಂಟರ ಮಧ್ಯಾಹ್ನ ಬಂತು. ಕ್ಯಾಪ್ಟನ್ನರು ಓದಿ, ಟೋಪಿ ಸರಿಮಾಡಿಕೊಂಡು, ಹಡಗಿನ ಇನ್ನೊಂದು ಕೊನೆಗೆ ಹೋಗಿ ಸಮುದ್ರ ನೋಡುತ್ತಾ ನಿಂತರು. ನಾನು ಔಷಧಿ ಕೋಣೆಯಿಂದ ಹೊರಗೆ ಬಂದು ಬೋಲ್ಟು ಕತ್ತರಿಸಿದೆ, ಆದ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ಮಷೀನು ಹೊರಗೆ ಬಂತು, ಪ್ಲಗ್ಗು ನಮ್ಮ ಸಾಕೆಟ್ಟಿಗೆ ಕೂರಲಿಲ್ಲ! ಅಡುಗೆಯವನ ಟೀ ಕೆಟ್ಲಿನ ಪ್ಲಗ್ಗು ಕತ್ತರಿಸಿ ಇದಕ್ಕೆ ಹಾಕಿದೆ. ಅಡುಗೆಯವನು ನನ್ನ ವಂಶವನ್ನೆಲ್ಲ ನೆನೆಸಿಕೊಂಡು ಬೈದ, ಆಮೇಲೆ ಬಾಗಿಲಾಚೆ ನಿಂತು ಅತ್ತ. ಮಷೀನು ಗುಡುಗುಡು ಅಂತ ಶುರುವಾದ ಮೇಲೆ ಗೊರಕೆರಾಯ ನನ್ನ ಮಣಿಕಟ್ಟು ಹಿಡಿದುಕೊಂಡವನು ಸಂಜೆಯವರೆಗೂ ಬಿಡಲಿಲ್ಲ. ಬೆವರು ಅಂಟಂಟಾಗಿ ಅಸಹ್ಯವಾಗುತ್ತಿತ್ತು. ನಾನೂ ಬಿಡಿಸಿಕೊಳ್ಳಲಿಲ್ಲ.

ನಡೆದದ್ದನ್ನು ಕ್ಯಾಪ್ಟನ್ನರು ಇದ್ದ ಹಾಗೆ ಬರೆದು ಬಂದರಿಗೆ ತಿಳಿಸಿದ್ದಾರೆ. ನೋಡೋಣ, ದೊಡ್ಡ ವಿಷಯವಲ್ಲ ಅಂದರಂತೆ.

ಭಾವ ಯಾಕೆ ಒಂದೇ ಸಾಲು ಹೇಳಿಕಳಿಸಿದ್ದು? ಅಂಗಿಯ ಕೋಪ ಇನ್ನೂ ಇಳಿದಿಲ್ಲವಾ? ಅದರ ತೋಳಿಗೆ ಗ್ರೀಸ್ ಅಂಟಿದೆ ಅಂತ ಅವರಿಗೆ ಹೇಳಬೇಡ, ನಾನೇ ಬಂದು ಕಾಲಿಗೆ ಬೀಳುತ್ತೇನೆ.

ನಿನ್ನ ಫ್ಯೂಸು


ಹಡಗಿನಿಂದ
ಮೇ ೨೮

ಅಕ್ಕಾ,

ನಿನ್ನ ಕಾಗದ ಇಲ್ಲ. ಎರಡು ಸಲ ದೋಣಿ ಬಂದು ಹೋಯಿತು. ಮಷೀನುಗಳ ಗದ್ದಲದಲ್ಲಿ ಪುರುಸೊತ್ತಿಲ್ಲ ಅಂತ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ. ಇಪ್ಪತ್ತನಾಲ್ಕಕ್ಕೆ ಪೆಟ್ಟಿಗೆ ಇಳಿಸಿಕೊಂಡು ಹೋದರು, ಇಷ್ಟು ಹೊತ್ತಿಗೆ ಸೀಮೆಸುಣ್ಣದ ಚೌಕಗಳಲ್ಲಿ ಸಾಲಾಗಿ ನಿಂತಿರಬೇಕು. ಒಂದು ಚೌಕ ಖಾಲಿ, ಅದು ನನ್ನ ತಪ್ಪು ಅಂತ ಸಾಹೇಬರಿಗೆ ಹೇಳು.

ಗೊರಕೆರಾಯ ಎದ್ದು ಕೂತಿದ್ದಾನೆ. ಟೀ ಬೇಕು ಅಂತ ಹಟ, ಕೆಟ್ಲಿಗೆ ಪ್ಲಗ್ಗಿಲ್ಲ ಅಂದರೆ ನಂಬುವುದಿಲ್ಲ. ನಿನ್ನೆ ಇಸ್ಪೀಟಿನಲ್ಲಿ ಮೋಸ ಮಾಡಿದ. ನೋಡಿಯೂ ನೋಡದ ಹಾಗಿದ್ದೆ.

ಎರಡು ಸಾಲಾದರೂ ಬರೆ. ಭಾವನ ಬೈಗುಳವಾದರೂ ಕಳಿಸು.

ತಮ್ಮ


ಮನೆಯಿಂದ
ಜೂನ್ ೨

ಕಂದಾ,

ಕೂತುಕೊಂಡು ಓದು. ನಿನ್ನ ಭಾವ ಹೋಗಿಬಿಟ್ಟರು. ಮೇ ೨೭, ಮಧ್ಯಾಹ್ನ.

ಇಪ್ಪತ್ತೈದರ ಸಂಜೆ ಜ್ವರ ಬಂತು, ಎರಡೇ ದಿನ. ಹೃದಯಕ್ಕೆ ಬಡಿದುಬಿಟ್ಟಿತು ಅಂದರು ಡಾಕ್ಟರು. ಯಾವ ಮಷೀನಿದ್ದರೂ ನಿಲ್ಲುತ್ತಿರಲಿಲ್ಲವಂತೆ. ಈ ಸಾಲನ್ನು ಎರಡು ಸಲ ಓದು. ನಾನು ಪಕ್ಕದಲ್ಲೇ ಇದ್ದೆ, ನರ್ಸಾಗಿದ್ದಕ್ಕೆ ಅಷ್ಟು ಸಿಕ್ಕಿತು.

ಪೆಟ್ಟಿಗೆ ಬಂತು. ಮಷೀನುಗಳು ಚೆನ್ನಾಗಿವೆ, ಜನಕ್ಕೆ ಉಪಯೋಗವಾಗುತ್ತಿವೆ. ನನಗೆ ಇಪ್ಪತ್ತು ದಿನ ರಜ ಕೊಟ್ಟು ಮನೆಗೆ ಕಳಿಸಿದ್ದಾರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಹಡಗಿನಿಂದ
ಜೂನ್ ೪

ಅಕ್ಕಾ,

ಏನು ಬರೆಯಲಿ. ನಿನ್ನ ಪಕ್ಕದಲ್ಲಿ ಇರಬೇಕಾದವನು ಇಲ್ಲಿ ನೀರಿನ ಮೇಲೆ ಕೂತಿದ್ದೇನೆ. ಈಜಿಕೊಂಡು ಬರುತ್ತೇನೆ ಅಂತ ನಿನ್ನೆ ಕ್ಯಾಪ್ಟನ್ನರ ಹತ್ತಿರ ಕೂಗಾಡಿದೆ. ಭಾವನ ಹಾಗೆ ನನ್ನನ್ನು ಆಡಿಕೊಳ್ಳುವವರು, ನನ್ನ ಪರ ನಿನ್ನ ಹತ್ತಿರ ವಾದ ಮಾಡುವವರು ಇನ್ನು ಯಾರಿದ್ದಾರೆ?

ಒಂದು ಮಾತು ಒಪ್ಪಿಕೊಳ್ಳಬೇಕು, ಬೈಯಬೇಡ. ಕಾಗದ ಓದಿದ ತಕ್ಷಣ ನಾನು ಅತ್ತದ್ದು ಭಾವನಿಗಾಗಿ ಅಲ್ಲ. ಮೊದಲು ತಾರೀಕು ಹುಡುಕಿದೆ. ಇಪ್ಪತ್ತೈದಕ್ಕೆ ಜ್ವರ ಅಂತ ನೋಡಿ, ನಾನು ಬೋಲ್ಟು ಕತ್ತರಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಖಾತ್ರಿಯಾಗಿ, ಆ ನೆಮ್ಮದಿಗೆ ಅತ್ತುಬಿಟ್ಟೆ. ಇಂಥ ತಮ್ಮ ನಿನಗೆ.

ಹದಿನೈದಕ್ಕೆ ನಮ್ಮನ್ನು ಇಳಿಸುತ್ತಾರೆ. ನೇರ ಮನೆಗೆ ಬರುತ್ತೇನೆ. ಗೊರಕೆರಾಯನೂ ಬರುತ್ತೇನೆ ಅನ್ನುತ್ತಿದ್ದಾನೆ. ಇಲ್ಲಿ ಅವನಿಗೆ ಯಾರೂ ಇಲ್ಲ, ವಿಮಾನ ಸಿಗುವವರೆಗೆ ನಾಲ್ಕು ದಿನ ನಮ್ಮಲ್ಲೇ ಇರಲಿ ಅಂದುಕೊಂಡೆ. ನಿನ್ನ ಎದುರು ನಿಂತು ಒಂದು ಮಾತು ಹೇಳಬೇಕಂತೆ. ಏನು ಅಂದರೆ ಹೇಳುವುದಿಲ್ಲ, ದಿನಾ ಅದನ್ನೇ ಬಾಯೊಳಗೆ ಅಭ್ಯಾಸ ಮಾಡುತ್ತಿದ್ದಾನೆ.

ತಮ್ಮ


ಮನೆಯಿಂದ
ಜೂನ್ ೮

ಅವನನ್ನು ಕರೆದುಕೊಂಡು ಬರಬೇಡ. ಮನೆ ಚಿಕ್ಕದು, ಹಾಸಿಗೆ ಇಲ್ಲ, ಅಕ್ಕಪಕ್ಕದವರು ಹೆದರುತ್ತಾರೆ. ಬಂದರಿನ ಹತ್ತಿರ ಎಲ್ಲಾದರೂ ಕೋಣೆ ನೋಡು. ನೀನು ಬಾ.

ಅಕ್ಕ


ಹಡಗಿನಿಂದ
ಜೂನ್ ೧೦

ಅಕ್ಕಾ,

ಮನೆ ಚಿಕ್ಕದು ಅಂತ ನೀನು ಯಾರನ್ನೂ ಯಾವತ್ತೂ ಬೇಡ ಅಂದವಳಲ್ಲ.

ಭಾವನಿಗೆ ಜ್ವರ ಬಂದದ್ದು ಯಾವತ್ತು?


ಮನೆಯಿಂದ
ಜೂನ್ ೧೩

ಕಂದಾ,

ಹನ್ನೆರಡನೇ ತಾರೀಕು. ನೀನು ತೆಗೆಯಲಾ ಅಂತ ಕೇಳಿದ ಕಾಗದವನ್ನು ನಾನು ಓದಿದಾಗ ಅವರು ನನ್ನ ವಾರ್ಡಿನಲ್ಲಿ ಐದು ದಿನದಿಂದ ಮಲಗಿದ್ದರು. ಪೆಟ್ಟಿಗೆ ತಪಾಸಣೆಯ ಅಂಗಳಕ್ಕೆ ಹೋದರೆ ಬೇಗ ಬರುವುದಿಲ್ಲ ಅಂತಲೂ ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೇ ತೆರೆ ಅಂತ ಬರೆದೆ. ಪೆಟ್ಟಿಗೆ ಬಂದದ್ದು ಮೊನ್ನೆ ಒಂದನೇ ತಾರೀಕಿಗೆ, ಅದೂ ಸಾಹೇಬರು ಹೋಗಿ ಅಂಗಳದ ಬಾಗಿಲಲ್ಲೇ ಕೂತ ಮೇಲೆ. ಅಷ್ಟರಲ್ಲಿ ಸಿಲಿಂಡರ್ ಲಾರಿ ಎರಡು ದಿನ ಬರಲಿಲ್ಲ. ಆ ಎರಡು ದಿನದಲ್ಲಿ ಮೂವರು ಹೋದರು, ಅವರಲ್ಲಿ ನಮ್ಮವರು ಒಬ್ಬರು. ಮಷೀನು ಇದ್ದಿದ್ದರೆ ಉಳಿಯುತ್ತಿದ್ದರಾ ಅಂತ ಡಾಕ್ಟರನ್ನು ಕೇಳಿದೆ. ಅವರು ಕೈ ತೊಳೆಯಲು ಹೋದರು.

ನಿನಗೆ ಹೇಳಿದ್ದರೆ ನೀನು ಆ ಸೀಲು ಮುಟ್ಟುತ್ತಿರಲಿಲ್ಲ. ಆ ಮನುಷ್ಯ ನಿನ್ನ ಕಣ್ಣೆದುರು ಒದ್ದಾಡಿ ಹೋಗುತ್ತಿದ್ದ, ನೀನು ಅದನ್ನು ಜೀವನಪೂರ್ತಿ ಹೊರುತ್ತಿದ್ದೆ. ಅದನ್ನು ತಪ್ಪಿಸಲು ನಾನು ಹೊತ್ತುಕೊಂಡೆ ಅಂತ ಬರೆದರೆ ಕೇಳಲು ಚೆನ್ನಾಗಿರುತ್ತದೆ. ಅದೂ ಪೂರ್ತಿ ನಿಜವಲ್ಲ. ಬೇಡ ಅಂತ ಬರೆಯಲು ನನಗೆ ನಾಚಿಕೆಯಾಯಿತು, ಅಷ್ಟೇ. ಇನ್ನೊಂದು ಸಲ ಯಾರಾದರೂ ಕೇಳಿದರೆ ಏನು ಬರೆಯುತ್ತೇನೋ ನನಗೆ ಗೊತ್ತಿಲ್ಲ. ದಯವಿಟ್ಟು ಆ ಪ್ರಶ್ನೆ ನನ್ನನ್ನು ಕೇಳಬೇಡ.

ಅವರಿಗೂ ನಾನು ಪೂರ್ತಿ ಹೇಳಿರಲಿಲ್ಲ. ಇಪ್ಪತ್ತನಾಲ್ಕು ಕಳೆದ ಮೇಲೆ ದಿನಾ ಬೆಳಿಗ್ಗೆ ಕೇಳುತ್ತಿದ್ದರು: "ಫ್ಯೂಸಿನ ಪೆಟ್ಟಿಗೆ ಬಂತಾ?" ನಾಳೆ ಬರುತ್ತೆ ಅನ್ನುತ್ತಿದ್ದೆ. ಇಪ್ಪತ್ತೇಳರ ಬೆಳಿಗ್ಗೆ ಮಾತು ಹೊರಡಲಿಲ್ಲ, ಹುಬ್ಬು ಎತ್ತಿ ಕೇಳಿದರು. ಅವತ್ತೂ ನಾಳೆ ಅಂದೆ.

ಆ ಮನುಷ್ಯ ಬದುಕಿದ್ದು ನನಗೆ ಸಂತೋಷ, ನಿಜವಾಗಿಯೂ. ನೂರು ಕಾಲ ಇರಲಿ. ಆದರೆ ಅವನು ನನ್ನೆದುರು ನಿಂತು ಉಸಿರಾಡುವುದನ್ನು ನೋಡುವಷ್ಟು ದೊಡ್ಡವಳು ನಾನಲ್ಲ. ಅವನ ಮಾತನ್ನು ನೀನೇ ಕೇಳಿಸಿಕೋ, ಅಕ್ಕನಿಗೆ ಹೇಳಿದೆ ಅಂದುಬಿಡು.

ನೀನು ಬಾ. ಒಬ್ಬನೇ ಬಾ. ಬಾಗಿಲಲ್ಲಿ ನಿಂತು ಕ್ಷಮಿಸು ಅಂತ ಮಾತ್ರ ಶುರು ಮಾಡಬೇಡ. ನೀನು ನನ್ನನ್ನು ಕೇಳಿದೆ. ನಾನು ಅವರನ್ನು ಕೇಳಲಿಲ್ಲ.

ಅಕ್ಕ